ಎಂಟನೇ ನಂಬರಿನ ಹೆಗಲು

ಎಡವೂ ಬಲವೂ ಸಮನಾಗಿ ಸವೆದ ಹಾಕಿ ಜೆರ್ಸಿ ಆಟವನ್ನು ಕಂಡದ್ದಲ್ಲ, ಒಗೆಯುವ ಕಲ್ಲನ್ನು ಮಾತ್ರ ಕಂಡದ್ದು. ಹಾಕಿ ಒಂದು ಪಕ್ಕಕ್ಕೆ ವಾಲಿದ ಆಟ. ಸ್ಟಿಕ್ಕಿನ ಒಂದು ಮುಖ ಮಾತ್ರ ಚಪ್ಪಟೆಯಾಗಿರುವುದರಿಂದ ಚೆಂಡು ಸದಾ ಬಲಗಾಲಿನ ಮುಂದೆಯೇ ಇರಬೇಕಾಗುತ್ತದೆ. ಹಾಗೆ ಬಗ್ಗಿ ಓಡಿದವರ ಜೆರ್ಸಿಯಲ್ಲಿ ಎಡತೋಳಿನ ಅಂಚು ಮೊದಲು ಸವೆಯುತ್ತದೆ. ಬೆವರು ಒರೆಸಲು ಬಲಗೈಗೆ ಮಾತ್ರ ಬಿಡುವು ಸಿಗುವುದರಿಂದ ಕೆಳಗಿನ ಅಂಚು ಬಲಗಡೆಯಲ್ಲಿ ಜಗ್ಗಿ ಸಡಿಲವಾಗಿರುತ್ತದೆ. ಬೆನ್ನಿನಲ್ಲಿ ಉಪ್ಪಿನ ಗೆರೆಗಳು ಒಂದರ ಕೆಳಗೆ ಒಂದು ಬಿದ್ದಿರುತ್ತವೆ. ಹೊಲಿಗೆಯ ಸಂದಿಯಲ್ಲಿ ನಮ್ಮ ಕಡೆಯ ಮುರಕಲ್ಲಿನ ಕೆಂಪು ಹುಡಿ ಎಷ್ಟು ಒಗೆದರೂ ಉಳಿದಿರುತ್ತದೆ. ಬೆಳಗಿನ ಬಿಸಿಲಿಗೆ ಬಟ್ಟೆಯನ್ನು ಎತ್ತಿ ಹಿಡಿದು ಇವನ್ನೆಲ್ಲ ಓದುವುದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಭಾನುವಾರಗಳ ಕೆಲಸವಾಗಿತ್ತು.

ಒಮ್ಮೆ ಕಾರ್ಕಳದ ಒಬ್ಬ ಬಟ್ಟೆ ವ್ಯಾಪಾರಿ, ದೇಶಕ್ಕಾಗಿ ಆಡಿದ ದೊಡ್ಡ ಆಟಗಾರನದ್ದೆಂದು ಹೇಳಿ ಒಂದು ನೀಲಿ ಜೆರ್ಸಿಯನ್ನು ತಂದು ತೋರಿಸಿದರು. ಎರಡೂ ತೋಳುಗಳು ಅವಳಿಗಳಂತೆ ಸವೆದಿದ್ದವು.

"ಇದನ್ನು ಹಾಕಿಕೊಂಡು ಯಾರೂ ಆಡಿಲ್ಲ," ಎಂದೆ.

"ಹಾಗಾದರೆ ಎಂತ ಮಾಡಿದ್ದು?"

"ಮಲಗಿದ್ದಿರಬೇಕು."

ಅವರು ನಕ್ಕು, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದರು. ಪ್ರಸಿದ್ಧರ ಜೆರ್ಸಿ ನನಗೆ ಬೇಕಾಗಿಯೂ ಇರಲಿಲ್ಲ. ಹೆಸರು ಯಾವ ಪತ್ರಿಕೆಯಲ್ಲೂ ಬಾರದ, ಆಡಿ ಮನೆಗೆ ಹೋದವರ ಜೆರ್ಸಿಗಳನ್ನು ನಾನು ಸಂಗ್ರಹಿಸುತ್ತಿದ್ದೆ. ಈ ಬರಹ ಅವುಗಳಲ್ಲಿ ಒಂದರ ಕುರಿತು. ಬಿಳಿ ಹತ್ತಿಬಟ್ಟೆ, ಹಸಿರು ಕಾಲರ್, ಬೆನ್ನಿಗೆ ಹಸಿರು ಬಟ್ಟೆ ಕತ್ತರಿಸಿ ಹೊಲಿದ ಎಂಟನೇ ನಂಬರು. ನನ್ನ ಗೆಳತಿಯೊಬ್ಬಳು ಮತ್ತೆ ಮೈದಾನಕ್ಕೆ ಕಾಲಿಡುವಳೋ ಇಲ್ಲವೋ ಎಂಬುದು ಕೊನೆಗೆ ಈ ಬಟ್ಟೆಯ ಮೇಲೆ ನಿಂತಿತ್ತು.

ಅವಳು ಕಾಪುವಿನವಳು. ಕಡಲಿಗೆ ಇಳಿಯುವ ಮನೆತನದಲ್ಲಿ ಹುಟ್ಟಿ, ತಂದೆಯ ಪಕ್ಕ ಕುಳಿತು ಬಲೆ ಕಟ್ಟುವುದನ್ನು ಕಲಿತು, ದಿನವೂ ಬಸ್ಸಿನಲ್ಲಿ ಉಡುಪಿಯ ಕಾಲೇಜಿಗೆ ಬರುತ್ತಿದ್ದಳು. ನಾನು ಉಡುಪಿಯ ಕಡಿಯಾಳಿಯವಳು, ದೇವಸ್ಥಾನದ ನಂಟಿರುವ ಮನೆಯ ಮಗಳು. ಆದರೆ ನನ್ನ ಶಾಲಾ ವಿದ್ಯಾಭ್ಯಾಸ ನಡೆದದ್ದು ಘಟ್ಟದ ಮೇಲಿನ ಒಂದು ವಸತಿಶಾಲೆಯಲ್ಲಿ. ಅಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದೆವು. ಕಕ್ಕಸನ್ನು ಸರದಿಯಂತೆ ನಾವೇ ತೊಳೆಯುತ್ತಿದ್ದೆವು. ಕಂಡ ಅನ್ಯಾಯವನ್ನು ಅದರ ಹೆಸರು ಹಿಡಿದು ಕರೆಯಬೇಕೆಂದು ನಮಗೆ ಕಲಿಸಲಾಗಿತ್ತು. ಆ ಅಭ್ಯಾಸ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹೆಸರು ಹಿಡಿದು ಕರೆಯಬೇಕಾದದ್ದು ನಮ್ಮ ಹಾಕಿ ಮೈದಾನದಲ್ಲಿ ಬೇಕಾದಷ್ಟಿತ್ತು. ಹುಡುಗರು ಹಾಕಿ ಬಿಟ್ಟ ಜೆರ್ಸಿಗಳು ಹುಡುಗಿಯರ ತಂಡಕ್ಕೆ ಬರುತ್ತಿದ್ದವು. ಅವೂ ಹನ್ನೊಂದೇ, ಬದಲಿ ಆಟಗಾರ್ತಿಗೆ ಜೆರ್ಸಿ ಇರಲಿಲ್ಲ. ಆಟ ಮುಗಿದ ಕೂಡಲೇ ಅವನ್ನು ಕಳಚಿ ಕ್ರೀಡಾಕೊಠಡಿಯ ಪೆಟ್ಟಿಗೆಗೆ ಹಿಂದಿರುಗಿಸಬೇಕಿತ್ತು. ನಮ್ಮ ಪಂದ್ಯವನ್ನು ನಡುಮಧ್ಯಾಹ್ನದ ಬಿಸಿಲಿಗೆ ಇಡುತ್ತಿದ್ದರು, ತಂಪು ಹೊತ್ತು ಹುಡುಗರಿಗೆ ಮೀಸಲು. ಗೆದ್ದ ಹುಡುಗರಿಗೆ ಪ್ರಮಾಣಪತ್ರ ಸಿಗುತ್ತಿತ್ತು; ಹುಡುಗಿಯರಿಗೆ "ಮುಂದಿನ ವರ್ಷದಿಂದ" ಎನ್ನುತ್ತಿದ್ದರು. ನಾನು ಪ್ರತಿಯೊಂದಕ್ಕೂ ಮನವಿ ಬರೆದೆ. ನನ್ನ ಗೆಳತಿ ಬರೆಯಲಿಲ್ಲ, ಆಡಿದಳು.

ಎಪ್ಪತ್ತರ ದಶಕದ ಆರಂಭದಲ್ಲಿ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್ ಮಣಿಪಾಲದಲ್ಲಿ ನಡೆಯಿತು. ಗುಡ್ಡದ ಮೇಲಿನ ಆ ಮೈದಾನದಲ್ಲಿ ಹುಲ್ಲಿಗಿಂತ ಮುರಕಲ್ಲು ಹೆಚ್ಚು. ನಾನು ಬ್ಯಾಕ್, ಅವಳು ಮುಂದಿನ ಸಾಲಿನ ರೈಟ್ ಇನ್, ಎಂಟನೇ ನಂಬರು. ಮೊದಲರ್ಧ ಮುಗಿಯುತ್ತಿದ್ದಂತೆ ಎದುರಾಳಿಯೊಬ್ಬಳ ಸ್ಟಿಕ್ ಅವಳ ಬಲಹೆಗಲಿಗೆ ಸಿಕ್ಕಿಕೊಂಡು, ಜೆರ್ಸಿ ಕಾಲರಿನಿಂದ ತೋಳಿನವರೆಗೆ ಹರಿಯಿತು. ಸುತ್ತ ನಿಂತಿದ್ದ ಗಂಡಸರು ಸಿಳ್ಳೆ ಹಾಕಿದರು. ಗಾಯವಾದ ಹೆಣ್ಣಿನ ಹೆಗಲು ಅವರಿಗೆ ಒಂದು ಮೋಜು! ಅಂಪೈರ್ ಬಂದು, ಬೇರೆ ಜೆರ್ಸಿ ಇಲ್ಲದಿದ್ದರೆ ಅವಳು ಹೊರಗೆ ಎಂದರು. ಬೇರೆ ಜೆರ್ಸಿ ಎಲ್ಲಿತ್ತು?

ವಿರಾಮದಲ್ಲಿ ನಾವು ಹತ್ತು ಮಂದಿ ಬೆನ್ನು ಹೊರಗೆ ಮಾಡಿ ವೃತ್ತವಾಗಿ ನಿಂತೆವು. ವೃತ್ತದೊಳಗೆ ಅವಳು ಜೆರ್ಸಿಯನ್ನು ಕಳಚಿ ತೊಡೆಯ ಮೇಲೆ ಹರಡಿಕೊಂಡಳು. ಸ್ಟಿಕ್ಕಿನ ಹಿಡಿಗೆ ಸುತ್ತುವ ಪಟ್ಟಿ ಕೊಳ್ಳಲಾಗದೆ ಅವಳು ಮನೆಯಲ್ಲಿದ್ದ ನೈಲಾನಿನ ಬಲೆನೂಲನ್ನೇ ಸುತ್ತುತ್ತಿದ್ದಳು. ಈಗ ಆ ನೂಲನ್ನು ಬಿಚ್ಚಿದಳು. ಸೇಫ್ಟಿ ಪಿನ್ನಿನಿಂದ ಹರಿದ ಅಂಚುಗಳುದ್ದಕ್ಕೂ ತೂತು ಮಾಡಿದಳು. ಬಲೆಯ ಕಣ್ಣುಗಳಂತೆ ಒಂದೊಂದಾಗಿ ಗಂಟು ಹಾಕುತ್ತ ಸಾಗಿದಳು.

"ಹೊಲಿಯುದಲ್ವಾ ಮಾರಾಯ್ತಿ, ನೀನೆಂತ ಬಲೆ ಕಟ್ತಿದ್ದಿ?" ಎಂದು ನಾನು ಭುಜದ ಮೇಲಿನಿಂದ ಪಿಸುಗುಟ್ಟಿದೆ.

"ಹೊಲಿಗೆ ಒಂದು ಕಡೆ ಬಿಟ್ಟರೆ ಪೂರ್ತಿ ಬಿಡ್ತದೆ. ಬಲೆ ಹಾಗಲ್ಲ. ಒಂದು ಕಣ್ಣು ಹರಿದರೆ ಅದೊಂದೇ. ನೀನು ಸರಿ ಅಡ್ಡ ನಿಲ್ಲು, ಅಲ್ಲೊಬ್ಬ ಇಣುಕ್ತಾ ಇದ್ದಾನೆ."

ದ್ವಿತೀಯಾರ್ಧದಲ್ಲಿ ಪಂದ್ಯದ ಒಂದೇ ಗೋಲನ್ನು ಹೊಡೆದವಳು ಅವಳು. ಬಹುಮಾನ ವಿತರಣೆ ಇದ್ದದ್ದು ಹುಡುಗರ ಫೈನಲ್ ಮುಗಿದ ಮೇಲೆ, ಸಂಜೆಗೆ; ಅದಕ್ಕೆ ಅವಳು ನಿಲ್ಲುವಂತಿರಲಿಲ್ಲ. ಕತ್ತಲಾಗುವುದರೊಳಗೆ ಕಾಪುವಿನ ಮನೆಯನ್ನು ಸೇರದ ಹುಡುಗಿಗೆ ಮರುದಿನ ಕಾಲೇಜೇ ಇರುತ್ತಿರಲಿಲ್ಲ. ಅವಳು ಜೆರ್ಸಿಯನ್ನು ಬದಲಿ ಆಟಗಾರ್ತಿಯ ಕೈಗಿತ್ತು, ಬೆಟ್ಟ ಇಳಿಯುವ ಬಸ್ಸಿಗೆ ಓಡಿದಳು. ಬದಲಿ ಆಟಗಾರ್ತಿ ಮಣಿಪಾಲದ ಡಾಕ್ಟರರೊಬ್ಬರ ಮಗಳು, ಒಳ್ಳೆಯ ಹುಡುಗಿ. ಸಾಲಿನಲ್ಲಿ ನಿಲ್ಲಲು ಜೆರ್ಸಿ ಇಲ್ಲದ ಕಾರಣ ಕೈಗೆ ಬಂದದ್ದನ್ನೇ ಅವಳು ಹಾಕಿಕೊಂಡಳು. "ಗೋಲು ಹೊಡೆದ ಎಂಟನೇ ನಂಬರು ಬರಬೇಕು" ಎಂದು ಮೈಕಿನಲ್ಲಿ ಕರೆದಾಗ ಎಲ್ಲರೂ ಅವಳನ್ನು ಮುಂದೆ ತಳ್ಳಿದರು. ಕಪ್ ಅವಳ ಕೈಗೆ ಬಂತು. ಯಾರಲ್ಲೂ ದುರುದ್ದೇಶವಿರಲಿಲ್ಲ. ಆದರೂ ಅದು ಅನ್ಯಾಯವೇ. ಆ ಹುಡುಗಿಗೆ ಹೆಚ್ಚುವರಿ ಜೆರ್ಸಿ ಇದ್ದಿದ್ದರೆ, ಈ ಹುಡುಗಿಗೆ ಒಂದು ರಾತ್ರಿ ಉಳಿಯಲು ಹಾಸ್ಟೆಲಿನಲ್ಲಿ ಜಾಗ ಕೊಟ್ಟಿದ್ದರೆ, ಹಾಗೆ ಆಗುತ್ತಿರಲಿಲ್ಲ.

ವರ್ಷಗಳು ಉರುಳಿದವು. ನಾನು ಅದೇ ಕಾಲೇಜಿನಲ್ಲಿ ಅಧ್ಯಾಪಕಿಯಾದೆ. ಕ್ರೀಡಾಕೊಠಡಿಗೆ ಹೊಳೆಯುವ ಪಾಲಿಯೆಸ್ಟರ್ ಜೆರ್ಸಿಗಳು ಬಂದಾಗ ಹಳೆಯ ಹತ್ತಿ ಜೆರ್ಸಿಗಳನ್ನು ಪ್ರಯೋಗಾಲಯದ ಮೇಜು ಒರೆಸಲು ಕೊಟ್ಟರು. ಆಸಿಡ್ ಬಿದ್ದು ತೂತಾಗುತ್ತಿದ್ದ ಆ ರಾಶಿಯಿಂದ ನಾನು ಉಳಿದದ್ದನ್ನು ಕೇಳಿ ತಂದೆ. ನನ್ನ ಸಂಗ್ರಹ ಶುರುವಾದದ್ದು ಹಾಗೆ. ಎಂಟನೇ ನಂಬರು ಆ ರಾಶಿಯಲ್ಲೇ ಇತ್ತು; ಹೆಗಲು ಹರಿದದ್ದೆಂದು ಆ ಫೈನಲಿನ ಬಳಿಕ ಯಾರೂ ಅದನ್ನು ತೊಟ್ಟಿರಲಿಲ್ಲ. ಹೆಗಲ ಮೇಲಿನ ಬಲೆಯ ಒಂದು ಕಣ್ಣೂ ಬಿಟ್ಟಿರಲಿಲ್ಲ.

ಅಮ್ಮ ಅವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

"ಯಾರ ಮೈಗೆ ಹಾಕಿದ್ದೋ ಎಂತದೋ. ದೇವರ ಕೋಣೆ ಇರುವ ಮನೆ ಇದು."

"ಅಮ್ಮಾ, ಬೆವರಿಗೆ ಜಾತಿ ಉಂಟಾ?"

"ಜಾತಿ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ನಾತ ಉಂಟು."

ನಾನು ಮಡಿಯ ಕ್ರೌರ್ಯದ ಬಗ್ಗೆ ದೀರ್ಘವಾಗಿ ಮಾತನಾಡಿದೆ. ಇನ್ನೊಬ್ಬರ ಮೈಯನ್ನು ಮೈಲಿಗೆ ಎನ್ನುವ ಮಾತು ಎಷ್ಟು ಮೆಲುದನಿಯಲ್ಲಿ ಬಂದರೂ ಅದು ಹೊಡೆತವೇ ಎಂದೆ. ಅಮ್ಮ ಕೇಳುತ್ತಲೇ ಹಲಸಿನ ಬೀಜ ಸುಲಿದು ಮುಗಿಸಿದರು. ಜೆರ್ಸಿಗಳು ತಗಡಿನ ಪೆಟ್ಟಿಗೆಯೊಂದರಲ್ಲಿ ಹಿತ್ತಲ ಕಟ್ಟಿಗೆ ಕೊಟ್ಟಿಗೆಗೆ ಹೋದವು. ಭಾನುವಾರಗಳಲ್ಲಿ ನಾನು ಅಲ್ಲಿಯೇ ಕುಳಿತು ಅವನ್ನು ಬಿಸಿಲಿಗೆ ಹಿಡಿಯುತ್ತಿದ್ದೆ. ಅಮ್ಮ ಬಾಗಿಲ ಬಳಿ ಕಾಫಿ ಲೋಟ ಇಟ್ಟು ಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ.

ಗೆಳತಿ ಅಷ್ಟರಲ್ಲಿ ದೈಹಿಕ ಶಿಕ್ಷಣದ ತರಬೇತಿ ಮುಗಿಸಿದ್ದಳು. ಆದರೆ ಶಾಲೆಗಳಲ್ಲಿ ಆ ಕೆಲಸಕ್ಕೆ ಗಂಡಸರನ್ನೇ ತೆಗೆದುಕೊಳ್ಳುತ್ತಿದ್ದರು. ಹುಡುಗಿಯರಿಗೆ ಲೇಜಿಮ್ ಕುಣಿತ ಮತ್ತು ರಿಂಗ್ ಆಟ ಸಾಕು ಎಂಬುದು ಆಡಳಿತಗಾರರ ತಿಳಿವಳಿಕೆ. ಅವಳು ಮಲ್ಪೆಯ ಒಂದು ಮಂಜುಗಡ್ಡೆ ಕಾರ್ಖಾನೆಯ ಕಚೇರಿಯಲ್ಲಿ ದುಡಿಯುತ್ತಿದ್ದಳು. ಮೈದಾನದ ಮಾತು ಬಂದರೆ ವಿಷಯ ಬದಲಿಸುತ್ತಿದ್ದಳು. ಅವಳ ಸ್ಟಿಕ್ ಮನೆಯ ಮೂಲೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಊರುಗೋಲಾಗಿ ನಿಂತಿರುವುದನ್ನು ನಾನು ಕಾಪುವಿಗೆ ಹೋದಾಗ ಕಂಡಿದ್ದೆ.

ಎಂಬತ್ತರ ದಶಕದ ನಡುಭಾಗದಲ್ಲಿ ಕಾರ್ಕಳದ ಒಂದು ಖಾಸಗಿ ಹೆಣ್ಣುಮಕ್ಕಳ ಪ್ರೌಢಶಾಲೆ ಹಾಕಿ ತಂಡ ಕಟ್ಟಲು ಮುಂದಾಯಿತು. ತರಬೇತಿಗೆ ಹೆಂಗಸೇ ಬೇಕು, ಅಂತರ ಕಾಲೇಜು ಫೈನಲ್ ಆಡಿದವರಾಗಿರಬೇಕು ಎಂಬುದು ಷರತ್ತು. ನಮ್ಮ ಸೀಮೆಯಲ್ಲಿ ಅಂಥ ಕೆಲಸ ಮತ್ತೆ ಯಾವಾಗ ಹುಟ್ಟೀತೋ ಯಾರೂ ಹೇಳಲಾರರು. ಅವಳು ಅರ್ಜಿ ಹಾಕಿದಳು. ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಯಾಗಿದ್ದವರು, ಅಂದು ಮಣಿಪಾಲದ ಪಂದ್ಯಾವಳಿಯಲ್ಲಿ ಮೈಕು ಹಿಡಿದಿದ್ದ ಅದೇ ಮಹನೀಯರು.

"ಎಂಟನೇ ನಂಬರು ಆಡಿದ್ದು ಡಾಕ್ಟರರ ಮಗಳು. ಈಕೆ ಬದಲಿಗೆ ಇದ್ದವಳಿರಬೇಕು," ಎಂದು ಅವರು ಹೇಳಿ ಕಳುಹಿಸಿದರು.

ಪ್ರಮಾಣಪತ್ರ ಇರಲಿಲ್ಲ. ತಂಡದ ಉಳಿದವರು ಮದುವೆಯಾಗಿ ಯಾವ ಯಾವ ಊರನ್ನೋ ಸೇರಿದ್ದರು. ಡಾಕ್ಟರರ ಮಗಳು ಗಲ್ಫಿನಲ್ಲಿದ್ದಳು. ನಾನು ಕಾರ್ಕಳಕ್ಕೆ ಹೋಗಿ ಸಾಕ್ಷಿ ಹೇಳಿದೆ. ಕಾರ್ಯದರ್ಶಿಯವರು ಸೌಜನ್ಯದಿಂದಲೇ ಉತ್ತರಿಸಿದರು: "ನೀವು ಗೆಳತಿ, ಹೇಳದೆ ಇರ್ತೀರಾ? ಅದೂ ಅಲ್ಲದೆ ನಿಮ್ಮ ಮನವಿಗಳು ನಮ್ಮ ಕಡೆಗೆಲ್ಲ ಬರ್ತವೆ ಅಲ್ವಾ. ಕಳೆದ ತಿಂಗಳು ಬಸ್‌ಸ್ಟ್ಯಾಂಡಿನ ನೀರಿನ ನಲ್ಲಿ ಬಗ್ಗೆ ಒಂದು ಬಂದಿತ್ತು." ಆ ನಲ್ಲಿ ಇನ್ನೂ ಸರಿಯಾಗಿಲ್ಲವೆಂದು ನಾನು ನೆನಪಿಸಿದೆ. ಮುಂದಿನ ಬುಧವಾರ ಅವಳನ್ನೂ ಕರೆದುಕೊಂಡು ಬರಬಹುದೆಂದು, ಬೇರೆ ಆಧಾರವಿದ್ದರೆ ತರಬೇಕೆಂದು ಅವರು ಒಪ್ಪಿದರು.

ಆಧಾರ ನನ್ನ ಕಟ್ಟಿಗೆ ಕೊಟ್ಟಿಗೆಯಲ್ಲಿತ್ತು. ಆ ಭಾನುವಾರ ಎಂಟನೇ ನಂಬರನ್ನು ಪೂರ್ತಿಯಾಗಿ ಪರಿಶೀಲಿಸಿದೆ. ಎಡತೋಳಿನ ಸವೆತ, ಬಲ ಅಂಚಿನ ಜಗ್ಗು, ಬೆನ್ನಿನ ಉಪ್ಪಿನ ಗೆರೆ, ಬಿದ್ದೆದ್ದ ಮೊಣಕೈಯಿಂದ ಒರೆಸಿದ ಮಣ್ಣಿನ ಕೆಂಪು ಕಲೆ. ಡಾಕ್ಟರರ ಮಗಳು ಎರಡು ನಿಮಿಷ ಹಾಕಿಕೊಂಡು ನಿಂತ ಬಟ್ಟೆ ಇದಲ್ಲ, ಬಿಸಿಲಿನಲ್ಲಿ ಓಡಿದವಳ ಬಟ್ಟೆ ಎಂದು ಆ ಕಲೆಗಳನ್ನು ತೋರಿಸಿ ವಾದಿಸಬಹುದೆಂದು ನನಗನ್ನಿಸಿತು. ಊಟದ ಹೊತ್ತಿಗೆ ಅಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಕಾಪುವಿನ ಆ ಹುಡುಗಿಯನ್ನು ಅಮ್ಮ ಕಾಲೇಜು ದಿನಗಳಿಂದ ಬಲ್ಲವರು. ಜಗಲಿಯಲ್ಲಿ ಕೂರಿಸಿ ತಿಂಡಿ ಕೊಡುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ಇದನ್ನೂ ಹೆಸರು ಹಿಡಿದೇ ಹೇಳುತ್ತೇನೆ.

ಮಂಗಳವಾರ ಸಂಜೆ ಕಾಲೇಜಿನಿಂದ ಬಂದಾಗ ಎಂಟನೇ ನಂಬರು ಹಿತ್ತಲ ತಂತಿಯ ಮೇಲೆ ಹಾರಾಡುತ್ತಿತ್ತು.

ಅಮ್ಮ ಅದನ್ನು ಅಂಟುವಾಳದ ನೊರೆಯಲ್ಲಿ ನೆನೆಸಿ, ಕಲ್ಲಿಗೆ ಒಗೆದು, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಜಾಲಿಸಿ, ಬೆಳ್ಳಗಾಗಲೆಂದು ನೀಲಿ ಹಾಕಿ, ಕೊನೆಗೆ ಗಂಜಿ ತಿಳಿಯಲ್ಲಿ ಅದ್ದಿ ಒಣಹಾಕಿದ್ದರು. ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆಗೆ ಕೆಂಡವೂ ಸಿದ್ಧವಾಗಿತ್ತು.

"ಅಮ್ಮಾ! ಎಂತ ಮಾಡಿದ್ರಿ ನೀವು?"

"ಎಂತ ಎಂದರೆ? ಶಾಲೆಯ ದೊಡ್ಡವರ ಮೇಜಿನ ಮೇಲೆ ಇಡುವ ಬಟ್ಟೆ. ಕೊಳಕು ಕೊಳಕಾಗಿ ತೆಗೆದುಕೊಂಡು ಹೋದರೆ ಆ ಹುಡುಗಿಯ ಮರ್ಯಾದೆ ಎಂತ ಆಗ್ಬೇಕು?"

ನಾನು ತಂತಿಯ ಬಳಿ ಹೋಗಿ ಬಟ್ಟೆಯನ್ನು ತಿರುವಿ ನೋಡಿದೆ. ಉಪ್ಪಿನ ಗೆರೆಗಳಿರಲಿಲ್ಲ. ಕೆಂಪು ಕಲೆ ಇರಲಿಲ್ಲ. ಜಗ್ಗಿದ್ದ ಅಂಚು ಗಂಜಿಯ ಬಿಗಿಯಲ್ಲಿ ನೆಟ್ಟಗೆ ನಿಂತಿತ್ತು. ಶುಭಕಾರ್ಯಕ್ಕೆ, ದೊಡ್ಡವರ ಸಮ್ಮುಖಕ್ಕೆ, ಒಗೆದು ಗಂಜಿ ಹಾಕದ ಬಟ್ಟೆಯನ್ನು ನಮ್ಮ ಬೀದಿಯ ಯಾವ ಮನೆಯವರೂ ಒಯ್ಯುವುದಿಲ್ಲ. ಅಮ್ಮ ತಮಗೆ ಗೊತ್ತಿದ್ದ ಗೌರವವನ್ನು ಸಲ್ಲಿಸಿದ್ದರು, ಮತ್ತು ನನ್ನ ಸಾಕ್ಷ್ಯವನ್ನು ಬಚ್ಚಲಿನ ತೋಡಿಗೆ ಹರಿಯಬಿಟ್ಟಿದ್ದರು. ಕೊಟ್ಟಿಗೆಯ ಬಾಗಿಲು ದಾಟದ ಹೆಂಗಸು ಆ ಬಟ್ಟೆಯನ್ನು ತಮ್ಮದೇ ಎರಡು ಕೈಗಳಿಂದ ತಿಕ್ಕಿದ್ದರು ಎಂಬುದು ನನಗೆ ಹೊಳೆದದ್ದು ಸ್ವಲ್ಪ ತಡವಾಗಿ.

ಇಸ್ತ್ರಿಯ ಬಳಿಕ ಅವರೇ ಅದನ್ನು ಎತ್ತಿ ಹಿಡಿದರು. "ಇದೊಂದು ಮಾತ್ರ ನೀಲಿ ಹಿಡೀಲಿಲ್ಲ ನೋಡು. ಎರಡು ಸಲ ಅದ್ದಿದೆ."

ನೋಡಿದೆ. ಹತ್ತಿಬಟ್ಟೆ ನೀಲಿಯನ್ನು ಕುಡಿದು ತಿಳಿಯಾದ ಆಕಾಶದ ಬಣ್ಣಕ್ಕೆ ತಿರುಗಿತ್ತು. ನೈಲಾನು ನೂಲು ಕುಡಿದಿರಲಿಲ್ಲ. ಮಣ್ಣು, ಬೆವರುಗಳ ನಡುವೆ ಇಷ್ಟು ವರ್ಷ ಬರೀ ಒಂದು ಒರಟು ತೇಪೆಯಂತೆ ಕಾಣುತ್ತಿದ್ದ ಹೆಗಲಿನ ಆ ಭಾಗದಲ್ಲಿ, ಈಗ ಗೇಣುದ್ದದ ಒಂದು ಬಿಳಿ ಬಲೆ, ಕಣ್ಣು ಕಣ್ಣಾಗಿ, ಗಂಟು ಗಂಟಾಗಿ ಎದ್ದು ಕಾಣುತ್ತಿತ್ತು.

ಬುಧವಾರ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿ ಅದನ್ನು ಕೈಗೆತ್ತಿಕೊಂಡು ತಟ್ಟಿ ನೋಡಿದಳು. ಹಪ್ಪಳದಂತೆ ಸದ್ದಾಯಿತು.

"ಇದಕ್ಕೆ ನಾನು ಬೇಡ ಮಾರಾಯ್ತಿ. ಮೈದಾನದಲ್ಲಿ ನಿಲ್ಲಿಸಿದರೆ ಇದೇ ಆಡ್ತದೆ." ನಕ್ಕಳು. ಬಸ್ಸಿನಲ್ಲಿ ಕಾರ್ಕಳದವರೆಗೆ ಜೆರ್ಸಿಯ ಪೊಟ್ಟಣ ಅವಳ ತೊಡೆಯ ಮೇಲಿತ್ತು. ಅದರ ಮೇಲಿಟ್ಟ ಕೈಯನ್ನು ಅವಳು ಟಿಕೆಟ್ ಕೊಳ್ಳಲೂ ತೆಗೆಯಲಿಲ್ಲ.

ಕೊಠಡಿಯಲ್ಲಿ ಕಾರ್ಯದರ್ಶಿಯವರೂ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಇದ್ದರು. ಕಾರ್ಯದರ್ಶಿಯವರು ಆರಂಭದಲ್ಲೇ ಹೇಳಿದರು: "ನನಗೆ ಸರಿಯಾಗಿ ನೆನಪುಂಟು. ಎಂಟನೇ ನಂಬರಿನ ಹೆಗಲು ಹರಿದಿತ್ತು. ಹಾಗೇ ತೇಪೆ ಹಾಕಿಕೊಂಡು ಆಡಿ ಗೋಲು ಹೊಡೆದಳು. ಆ ಹೆಗಲಿನೊಂದಿಗೇ ಬಂದು ಕಪ್ ತೆಗೆದುಕೊಂಡಳು, ಡಾಕ್ಟರರ ಮಗಳು."

ನಾನು ಜೆರ್ಸಿಯನ್ನು ಮೇಜಿನ ಮೇಲೆ ಬಿಡಿಸಿದೆ. "ಆ ಹೆಗಲು ಇದೇ ಅಲ್ವಾ ಸರ್?"

"ಹೌದು, ಇದೇ."

"ಹರಿದದ್ದನ್ನು ಕಟ್ಟಿದವಳೇ ಆಡಿದವಳು?"

"ಮತ್ತೆ? ವಿರಾಮದಲ್ಲಿ ಅವಳೇ ಕೂತು ಮಾಡಿದ್ದು. ನಾವೆಲ್ಲ ಕಾದದ್ದು ಅದಕ್ಕೇ."

ಮುಖ್ಯೋಪಾಧ್ಯಾಯಿನಿ ಕನ್ನಡಕವನ್ನು ಸರಿಪಡಿಸಿಕೊಂಡು ಬಾಗಿದರು. ಬೆರಳಿನಿಂದ ಒಂದೊಂದೇ ಕಣ್ಣನ್ನು ಮುಟ್ಟುತ್ತ ಹೋದರು. "ಇದು ಹೊಲಿಗೆ ಅಲ್ಲವಲ್ಲ ಸರ್. ಬಲೆ. ಡಾಕ್ಟರರ ಮಗಳಿಗೆ ಬಲೆ ಕಟ್ಟಲಿಕ್ಕೆ ಬರ್ತಿತ್ತಾ?"

ಕಾರ್ಯದರ್ಶಿಯವರು ಜೆರ್ಸಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಗಂಟುಗಳನ್ನು ನೋಡಿದರು. ಡಾಕ್ಟರರ ಮನೆಯ ಬಳಕೆ ಅವರಿಗೆ ಇತ್ತು. ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ, "ಎಲ್ಲಿಂದ ಬರ್ತದೆ! ಆ ಮಗುವಿನ ಶೂಸಿನ ಲೇಸನ್ನು ಮೈದಾನಕ್ಕೆ ಇಳಿಯುವ ಮೊದಲು ಅವರ ಡ್ರೈವರ್ ಕಟ್ಟಿ ಕೊಡ್ತಿದ್ದ," ಎಂದರು. ಆಮೇಲೆ ಮೊದಲ ಬಾರಿಗೆ ನನ್ನ ಗೆಳತಿಯ ಮುಖವನ್ನು ದಿಟ್ಟಿಸಿದರು. "ಹಾಗಾದರೆ ಕಪ್ ಕೊಡುವಾಗ ನೀವೆಲ್ಲಿದ್ರಿ?"

"ಬಸ್ಸಿನಲ್ಲಿ ಸರ್. ನಿಮ್ಮ ಸ್ವರ ಮಾತ್ರ ಕೇಳ್ತಿತ್ತು. ಬೆಳಿಗ್ಗೆಯಿಂದ ಕೇಳ್ತಾನೇ ಇತ್ತು. 'ಹುಡುಗಿಯರು ಬೇಗ ಮುಗಿಸಿ, ಹುಡುಗರಿಗೆ ಮೈದಾನ ಬೇಕು' ಅಂತ."

ಮುಖ್ಯೋಪಾಧ್ಯಾಯಿನಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಕಾರ್ಯದರ್ಶಿಯವರು ಕೆಂಪಾಗಿ, ನಂತರ ಅವರೂ ನಕ್ಕರು. ಅವರ ಬಗ್ಗೆ ನಾನು ಆ ಮೊದಲು ಬರೆದದ್ದೆಲ್ಲ ನಿಜ. ಆ ನಗುವೂ ನಿಜ.

ಕೆಲಸ ಸಿಕ್ಕಿತು. "ಸದ್ಯಕ್ಕೆ ತಾತ್ಕಾಲಿಕ" ಎಂದರು. ಗಂಡಸರನ್ನು ನೇಮಿಸುವಾಗ ಈ ಪದ ಏಕೆ ಹುಟ್ಟುವುದಿಲ್ಲ ಎಂದು ಕೇಳಲು ನಾನು ಬಾಯಿ ತೆರೆದೆ. ಗೆಳತಿ ಮೇಜಿನ ಕೆಳಗೆ ನನ್ನ ಕಾಲನ್ನು ತುಳಿದಳು. ಗೋಲು ಹೊಡೆದವಳ ಕಾಲು, ಬಲವಾಗಿಯೇ ಬಿತ್ತು. ಆದರೆ ಎದ್ದು ಹೊರಡುವ ಮುನ್ನ ಅವಳು ತನ್ನದೇ ಒಂದು ಮಾತನ್ನು ಇಟ್ಟಳು: "ಮಕ್ಕಳಿಗೆ ಅವರ ಅಳತೆಯ ಹೊಸ ಜೆರ್ಸಿ ಬೇಕು ಟೀಚರ್. ಹನ್ನೊಂದು ಸಾಲದು. ಬದಲಿಗೆ ಕೂರುವವರಿಗೂ ಬೇಕು." ನನ್ನ ಯಾವ ಮನವಿಯೂ ಇಷ್ಟು ಬೇಗ ಒಪ್ಪಿಗೆ ಪಡೆದದ್ದಿಲ್ಲ. ತಾತ್ಕಾಲಿಕ ಎಂಬ ಪದಕ್ಕೆ ನಾನು ಮನೆಗೆ ಬಂದು ಒಂದು ಮನವಿ ಬರೆದೆ. ಮರುವರ್ಷ ಆ ಪದವೂ ಕಳಚಿ ಬಿತ್ತು.

ಮಳೆಗಾಲ ಕಳೆದ ಮೇಲೆ ಕಾರ್ಕಳದ ಹುಡುಗಿಯರು ಮೊದಲ ಪಂದ್ಯ ಆಡಿದರು. ಸೋತರು. ಮರುದಿನ ಸಂಜೆ ಗೆಳತಿ ನಮ್ಮ ಮನೆಗೆ ಬಂದಳು. ಕಾಗದದ ಪೊಟ್ಟಣದಲ್ಲಿ ಒಂದು ಪುಟ್ಟ ಹಳದಿ ಜೆರ್ಸಿ, ನನ್ನ ಸಂಗ್ರಹಕ್ಕೆ. ಆಡಿದ ಹುಡುಗಿ ಮಡಚದೆ ಹಾಗೇ ಬಿಚ್ಚಿ ಕೊಟ್ಟಿದ್ದಳಂತೆ. ಸೋತರೂ ತನ್ನ ಜೆರ್ಸಿ ನನ್ನ ಪೆಟ್ಟಿಗೆಗೆ ಸೇರುತ್ತದೆಂದು ಅವಳಿಗೆ ಹೆಮ್ಮೆಯಂತೆ. ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ನಾನು ಅದನ್ನು ತೆಗೆದುಕೊಂಡು ಅಭ್ಯಾಸದಂತೆ ಕಟ್ಟಿಗೆ ಕೊಟ್ಟಿಗೆಯ ಕಡೆಗೆ ಹೊರಟೆ.

"ಕತ್ತಲಲ್ಲಿ ಅಲ್ಲಿಗೆ ಎಂತಕ್ಕೆ?" ಎಂದು ಅಮ್ಮ ಒಳಗಿನಿಂದ ಕೂಗಿದರು. ಬಂದು ಜೆರ್ಸಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಸಿ ನೋಡಿ ಮುಖ ಸಿಂಡರಿಸಿದರು. "ಒಗೀಬಾರದು, ಗೊತ್ತುಂಟು ಮಾರಾಯ್ತಿ, ಹಾಗೆ ನೋಡ್ಬೇಡ." ನಡುಮನೆಯ ಗೋಡೆಯ ಗಿಳಿಗೂಟದಲ್ಲಿದ್ದ ತಮ್ಮ ಶಾಲನ್ನು ತೆಗೆದು, ಅಲ್ಲಿ ಅದನ್ನು ತೂಗುಹಾಕಿದರು. ಮತ್ತೆ ಜಗಲಿಯ ಕಡೆಗೆ ತಿರುಗಿ, ಮೆಟ್ಟಿಲ ಬಳಿ ಇನ್ನೂ ನಿಂತೇ ಇದ್ದ ಕಾಪುವಿನ ಹುಡುಗಿಗೆ ಹೇಳಿದರು:

"ಕಾಫಿ ಒಳಗೆ ಇಟ್ಟಿದ್ದೇನೆ. ಆರ್ತದೆ, ಬಾ."